ಶನಿವಾರದ ಫ್ರೆಂಚ್ ಪಾಠ

ಪರದೇಶದ ಡ್ಯಾಂಡಿನಾಂಗ್ ಎಂಬ ಊರಿನ ಚೈಲ್ಡ್‌ಕೇರ್ ಒಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಐವರಿ ಕೋಸ್ಟಿನಿಂದ ಬಂದ ತಾಯಿಯೊಬ್ಬಳು ನಾಲ್ಕು ವರ್ಷದ ಮಗಳನ್ನು ಅಲ್ಲಿ ಬಿಡುತ್ತಿದ್ದಳು. ಅವರ ಮನೆಮಾತು ಫ್ರೆಂಚ್. ಹೊಸದರಲ್ಲಿ ಆ ಕೂಸು ಸಂಜೆ ಅಮ್ಮನನ್ನು ಕಂಡದ್ದೇ ತಡ, ದಿನದ ವರದಿಯನ್ನೆಲ್ಲ ಒಪ್ಪಿಸುತ್ತ ನಡೆಯುತ್ತಿತ್ತು. ಕೆಲವೇ ತಿಂಗಳಲ್ಲಿ ಅದು ನಿಂತುಹೋಯಿತು. ತಾಯಿ "ಕಮ್" ಎನ್ನುತ್ತಿದ್ದಳು, ಕೂಸು ಬಾಯಿ ಮುಚ್ಚಿಕೊಂಡು ಹೊರಡುತ್ತಿತ್ತು.

ವಿಚಾರಿಸಿದರೆ, ಮನೆಯಲ್ಲೂ ಇಂಗ್ಲಿಷೇ ಮಾತಾಡಿ ಎಂದು ನಮ್ಮ ಚೈಲ್ಡ್‌ಕೇರಿನವರೇ ಹೇಳಿದ್ದರಂತೆ. ಆಕೆ ಅದನ್ನು ವ್ರತದಂತೆ ಪಾಲಿಸಿದ್ದಳು. ಆಕೆಗೆ ಬರುತ್ತಿದ್ದ ಇಂಗ್ಲಿಷಾದರೂ ಎಷ್ಟು? ಈಟ್, ಸ್ಲೀಪ್, ಶೂ, ಕಮ್. ಹೆತ್ತ ಮಗಳ ಜೊತೆ ಆಡಲು ಉಳಿದದ್ದು ಇಷ್ಟೇ. ನನಗೆ ಮೈಯೆಲ್ಲ ಉರಿಯಿತು.

ಹೇಳಿದವರು ನಮ್ಮ ಸೀನಿಯರ್, ಬೆಂಗಳೂರಿನವರು. ನೇರ ಹೋಗಿ ಕೇಳಿದೆ.

"ಹಂಗ ಯಾಕ ಹೇಳಿದ್ರಿ?"

"ಸ್ಕೂಲಲ್ಲಿ ಮಗೂಗೆ ಕಷ್ಟ ಆಗ್ಬಾರ್ದಲ್ವಾ? ಒಳ್ಳೇದಕ್ಕೇ ಹೇಳ್ದೆ."

"ಇಂಗ್ಲಿಷ್ ಕಲಸಾಕ ನಾವದೀವಿ, ಇಡೀ ಊರೈತಿ. ಅವ್ವನ ಮಾತು ಯಾರ್ ಕಲಸ್ತಾರ್ರೀ?"

"ಅಷ್ಟು ಯೋಚ್ನೆ ಮಾಡ್ಲಿಲ್ಲ ಕಣ್ರೀ" ಎಂದರು. ಆ ವಾರವೇ ಅಲ್ಲಿ ಇಲ್ಲಿ ಫೋನ್ ಮಾಡಿ, ಮಾರಿಷಸ್‌ನ ನಿವೃತ್ತ ಟೀಚರ್ ಒಬ್ಬರು ಶನಿವಾರ ನಡೆಸುವ ಫ್ರೆಂಚ್ ಕ್ಲಾಸನ್ನು ಹುಡುಕಿಕೊಟ್ಟವರೂ ಅವರೇ.

ತಾಯಿ ಮಗಳನ್ನು ನಾನೇ ಕಾರಿನಲ್ಲಿ ಕರೆದೊಯ್ಯುತ್ತಿದ್ದೆ. "ನಿನಗ್ಯಾಕ ಊರ ಉಸಾಬರಿ?" ಎಂದು ಮನೆಯವರು ಗೊಣಗಿದರು. ಗೊಣಗಲಿ. ಆದರೆ ಕ್ಲಾಸಿನಲ್ಲಿ ಉಳಿದ ಮಕ್ಕಳು ಹಾಡಿ ಕುಣಿದರೂ ನಮ್ಮ ಕೂಸು ತುಟಿ ಬಿಚ್ಚಲಿಲ್ಲ. ಮನೆಯಲ್ಲಿ ತಾಯಿ ಮತ್ತೆ ಫ್ರೆಂಚ್ ಶುರುಮಾಡಿದರೂ ಉತ್ತರವಿಲ್ಲ. ಒಂದು ಶನಿವಾರ ಕಾರಿನಲ್ಲಿ ಆಕೆ, "ಇವಳ ಫ್ರೆಂಚ್ ಮರಳಲು ತಡವಾಗಿಹೋಯಿತೇ?" ಎಂದು ತನ್ನ ಅರೆಬರೆ ಇಂಗ್ಲಿಷಿನಲ್ಲಿ ಕೇಳಿದಳು. ಮುಂದಿನ ಶನಿವಾರವೂ ಕಾರು ತರುತ್ತೇನೆ ಎಂದಷ್ಟೇ ಹೇಳಿದೆ.

ಚಳಿಗಾಲದ ಒಂದು ಸಂಜೆ ಟ್ರೈನ್ ತಡವಾಗಿ, ತಾಯಿ ಬರುವಷ್ಟರಲ್ಲಿ ಉಳಿದ ಮಕ್ಕಳೆಲ್ಲ ಹೋಗಿಯಾಗಿತ್ತು. ಕೂಸು ಶೂ ಹಾಕಿಕೊಂಡು ಬಾಗಿಲಲ್ಲೇ ಕೂತಿತ್ತು. ಅಮ್ಮನನ್ನು ಕಂಡಿದ್ದೇ ಎದ್ದು, ಸೊಂಟದ ಮೇಲೆ ಕೈಯಿಟ್ಟು, ಫ್ರೆಂಚಿನಲ್ಲಿ ಒಂದೇ ಸಮನೆ ಜಾಡಿಸತೊಡಗಿತು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ತಾಯಿ ಮಂಡಿಯೂರಿ ಕೂತು, ಕಣ್ಣೀರು ಸುರಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಕೂಸು ಉಸಿರು ತೆಗೆದುಕೊಳ್ಳಲು ನಿಂತಾಗ ಮೆಲ್ಲಗೆ ಏನೋ ಕೇಳಿದಳು. ಅದು ಮತ್ತೆ ಶುರುವಾಯಿತು.

ಮುಚ್ಚುವ ಹೊತ್ತು ಮೀರಿತ್ತು. ನಾನು ಬೀಗದ ಕೈ ತೆಗೆದುಕೊಂಡೆ. ಸೀನಿಯರ್ ನನ್ನ ಕೈ ಹಿಡಿದು ತಡೆದರು.

"ಇರ್ರೀ, ಆಮೇಲೆ ಹಾಕೋಣ. ಅವಳು ಪೂರ್ತಿ ಬೈದು ಮುಗಿಸ್ಲಿ."