ಡ್ರೈವರಕ್ಕ ಓಡಿಸಿದ ಶಾಲಾ ಬಸ್ಸು

ಆಗ ನಮ್ಮ ಕಡೆ ಹಳ್ಳಿಗೊಂದು ಶಾಲೆ, ಶಾಲೆಗೊಂದೇ ಕೋಣೆ. ಇರುವ ಒಂದು ಕಪ್ಪು ಹಲಗೆಯಲ್ಲೇ ಮೇಷ್ಟ್ರು ಎಡಗಡೆ ಸಣ್ಣವರಿಗೆ ಅಕ್ಷರ ಬರೆದು, ಬಲಗಡೆ ಐದನೇ ತರಗತಿಯವರಿಗೆ ಭಿನ್ನರಾಶಿ ಬರೆಯುತ್ತಿದ್ದರು. ಐದು ಮುಗಿದರೆ ಗಂಡುಹುಡುಗರು ಗುಡ್ಡ ಇಳಿದು ಪೇಟೆಯ ಶಾಲೆಗೆ ನಡೆಯುತ್ತಿದ್ದರು, ಹೆಣ್ಣುಮಕ್ಕಳು ಮನೆಯಲ್ಲೇ ಉಳಿಯುತ್ತಿದ್ದರು. ಮುಂದೆ ನಾವೆಲ್ಲ ಡ್ರೈವರಕ್ಕ ಎಂದು ಕರೆದ ನಮ್ಮೂರಿನ ಅಕ್ಕನೂ ಹಾಗೆ ಉಳಿದವಳೇ. ಅಪ್ಪನ ಟ್ರ್ಯಾಕ್ಟರಿನಲ್ಲಿ ಕಲಿತು, ಮದುವೆಯಾದ ಮೇಲೆ ಗಂಡನ ಟ್ರ್ಯಾಕ್ಟರ್ ಓಡಿಸಿಕೊಂಡಿದ್ದಳು.

ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಸಣ್ಣ ಶಾಲೆಗಳನ್ನೆಲ್ಲ ಮುಚ್ಚಿ, ಪೇಟೆಯಲ್ಲಿ ಹತ್ತನೇ ತರಗತಿಯವರೆಗೆ ಒಂದೇ ದೊಡ್ಡ ಶಾಲೆ ಮಾಡಿದರು. ತರಗತಿಗೊಂದು ಕೋಣೆ, ಮಕ್ಕಳನ್ನು ಕರೆತರಲು ಬಸ್ಸು. ಹಳ್ಳಿಯವರಿಗೆ ಇದು ಸುತರಾಂ ಹಿಡಿಸಲಿಲ್ಲ. ಬೀಗ ಹಾಕಿದ ದಿನ ನಮ್ಮ ಮೇಷ್ಟ್ರೇ ಕಣ್ಣೊರೆಸಿಕೊಂಡರು. ಬಸ್ಸೇನೋ ಬಂತು, ಡ್ರೈವರುಗಳು ನಿಲ್ಲಲಿಲ್ಲ. ಗುಡ್ಡದ ತಿರುವುಗಳನ್ನು ನೋಡಿ ಒಬ್ಬ ಕೈಮುಗಿದು ಹೊರಟುಹೋದ. ಇನ್ನೊಬ್ಬ ಮನಸ್ಸು ಬಂದ ದಿನ ಬರುತ್ತಿದ್ದ. ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸಲು ಅಷ್ಟು ನೆಪ ಸಾಕಾಯಿತು.

ಅಕ್ಕನ ಮಗಳೂ ಓದು ಬಿಡುವ ಹಾಗಾಯಿತು. ಒಂದು ಬೆಳಿಗ್ಗೆ ಅಕ್ಕ ನೇರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ ನಿಂತಳು.

“ಸಾರ್, ಆ ಬಸ್ಸನ್ನ ನಾನು ಓಡಿಸ್ತೀನಿ.”

ಅಧಿಕಾರಿ ಕನ್ನಡಕ ತೆಗೆದು ನೋಡಿದರು. “ಬಸ್ಸು ಓಡಿಸಿ ಅಭ್ಯಾಸ ಇದೆಯೇನಮ್ಮಾ?”

“ಟ್ರ್ಯಾಕ್ಟರ್ ಓಡಿಸಿದ್ದೀನಿ ಸಾರ್. ಬಸ್ಸು ಅದಕ್ಕಿಂತ ಚೆನ್ನಾಗಿ ಹೇಳಿದ ಮಾತು ಕೇಳ್ಬಹುದು.”

ಅವರಿಗೆ ನಗು ಬಂತು. ಆದರೂ ಕಳಿಸಿಬಿಡದೆ, ಲೈಸೆನ್ಸ್ ಮಾಡಿಸಿಕೊಳ್ಳಲು ತಾವೇ ನೆರವಾದರು. ಮೊದಲ ಪರೀಕ್ಷೆಯಲ್ಲಿ ಅಕ್ಕ ಫೇಲು. “ಅಮ್ಮಾ, ಹೊಲ ಉಳೋದು ಸಾಕು, ಬಸ್ಸು ಓಡಿಸಿ” ಎಂದರಂತೆ ಪಕ್ಕದಲ್ಲಿ ಕೂತ ಪರೀಕ್ಷಕರು. ಮುಂದಿನ ಸಲ ಪಾಸಾದಳು.

ಅಷ್ಟಾದರೂ ಹುಡುಗಿಯರನ್ನು ಯಾರೂ ಕಳಿಸಲಿಲ್ಲ. ದಾರಿಯಲ್ಲಿ ಏನಾದರೂ ಆದರೆ ಯಾರು ದಿಕ್ಕು ಎಂದು ಎಲ್ಲರಿಗಿಂತ ಮೊದಲು ತಕರಾರು ತೆಗೆದವರು ನಮ್ಮಪ್ಪ. ಆಗ ಅಕ್ಕನ ಅತ್ತೆ, ನಮಗೆಲ್ಲ ಅಜ್ಜಿ, ಊರುಗೋಲು ಊರಿಕೊಂಡು ಬಸ್ಸು ಹತ್ತಿ, ಬಾಗಿಲ ಪಕ್ಕದ ಸೀಟಿನಲ್ಲಿ ಗಟ್ಟಿಯಾಗಿ ಕೂತರು.

“ದಿನಾ ನಾನು ಜೊತೇಲಿ ಹೋಗ್ತೀನಪ್ಪಾ. ನಿನ್ನ ಮಗಳ ಮೇಲೆ ಒಂದು ನೊಣ ಕೂತ್ರೂ ಬಂದು ನನ್ನನ್ನ ಕೇಳು.”

ಅಪ್ಪ ನನ್ನ ಚೀಲವನ್ನು ಎತ್ತಿಕೊಟ್ಟರು. ವಾರ ಕಳೆಯುವಷ್ಟರಲ್ಲಿ ಕೂರಲು ಜಾಗ ಸಾಲದಾಯಿತು.

ಸಂಜೆಯವರೆಗೆ ಖಾಲಿ ಬಸ್ಸಿನಲ್ಲಿ ಕೂತು ಅಜ್ಜಿಗೆ ಬೇಸರ. ಮೊದಲು ಒಂದನೇ ತರಗತಿಯ ಬಾಗಿಲಲ್ಲಿ ಇಣುಕಿದರು. ಆಮೇಲೆ ಗೋಡೆಗೊರಗಿ ಒಳಗೇ ಕೂತರು. ಟೀಚರು ಸುಮ್ಮನೆ ಒಂದು ಸ್ಲೇಟು ಕೈಗಿತ್ತರು. ವರ್ಷ ಮುಗಿಯುವ ಹೊತ್ತಿಗೆ, ಒಂದು ಸಂಜೆ ಗಲಾಟೆ ಮಾಡುತ್ತ ಮನೆಗೆ ಹೊರಟಿದ್ದೆವು. ಅಜ್ಜಿ ಕಿಟಕಿಯ ಮೇಲಿನ ಬರಹಕ್ಕೆ ಬೆರಳಿಟ್ಟು, ತಡವರಿಸುತ್ತ, ಜೋರಾಗಿ ಓದಿದರು: “ಕೈ... ಹೊರಗೆ... ಹಾಕ...ಬೇಡಿ.”

ಅಕ್ಕ ಬಸ್ಸನ್ನು ರಸ್ತೆಯ ಬದಿಗೆ ನಿಲ್ಲಿಸಿ ಹಿಂದಕ್ಕೆ ತಿರುಗಿದಳು.

“ಅತ್ತೆ, ಇನ್ನೊಂದ್ಸಲ ಓದಿ.”

“ಯಾಕೆ, ತಪ್ಪಾಯ್ತಾ?”

“ಇಲ್ಲ ಅತ್ತೆ. ಕೇಳೋಕೆ ಚೆನ್ನಾಗಿದೆ.”

ಅಜ್ಜಿ ಮತ್ತೆ ಬೆರಳಿಟ್ಟು ಓದಿದರು. ಮುಂದೆ ಅಜ್ಜಿಯ ಒತ್ತಾಯಕ್ಕೇ ಅಕ್ಕನೂ ಪುಸ್ತಕ ಹಿಡಿದಳು. ಹತ್ತನೇ ತರಗತಿಯ ಪರೀಕ್ಷೆಗೆ ತಾಯಿ ಮಗಳು ಒಂದೇ ವರ್ಷ ಕೂತರು. ಗಣಿತದಲ್ಲಿ ಮಗಳಿಗಿಂತ ತಾಯಿಗೇ ಹೆಚ್ಚು ಅಂಕ ಬಂದು, ಮನೆಯಲ್ಲಿ ಎರಡು ದಿನ ಮಾತುಕತೆ ಬಂದ್.

ನಾನೀಗ ಅದೇ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಕಳೆದ ತಿಂಗಳು ಅಕ್ಕ ನಿವೃತ್ತಳಾದಳು. ಬೀಳ್ಕೊಡುಗೆ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಹೊಗಳಿದಾಗ ಅವಳೇ ಎದ್ದು ಮೈಕು ತಗೊಂಡಳು.

“ಅವತ್ತು ಸಾಹೇಬ್ರು ನಕ್ಕು ಕಳಿಸಿಬಿಡ್ಬಹುದಿತ್ತು, ಕಳಿಸಲಿಲ್ಲ. ನಮ್ಮತ್ತೆ ಮನೇಲಿ ಆರಾಮಾಗಿ ಇರ್ಬಹುದಿತ್ತು, ಇರ್ಲಿಲ್ಲ. ನಿಮ್ಮ ಮಕ್ಕಳನ್ನ ನನ್ನ ಕೈಗೆ ಕೊಟ್ರಿ. ನನಗೆ ಇನ್ನೇನು ಬೇಕು?”

ಸಭೆ ಮುಗಿದ ಮೇಲೆ ಅವಳ ಕೈ ಹಿಡಿದುಕೊಂಡು, “ಅಕ್ಕಾ, ನೀನಿಲ್ಲದಿದ್ರೆ ನಾನು...” ಎಂದು ಶುರುಮಾಡಿದೆ. ಅವಳು ಮುಗಿಸಗೊಡಲಿಲ್ಲ.

“ನೀವೆಲ್ಲ ದಿನಾ ಹತ್ತಿದ್ರಲ್ಲ, ಅದಕ್ಕೇ ಬಸ್ಸು ನಿಲ್ಲಲಿಲ್ಲ ಕಣೇ” ಎಂದು ನನ್ನ ಕೆನ್ನೆ ತಟ್ಟಿದಳು.