ಅಂಕಮ್ಮ ಹೆರೆದ ಮಣ್ಣು

ಅಗಸರ ಅಂಕಮ್ಮನ ಬಗ್ಗೆ ಬರೆಯುತ್ತೇನೆ ಎಂದರೆ ನಮ್ಮ ಮನೆಯಲ್ಲಿ ಈಗಲೂ ಮೂಗು ಮುರಿಯುತ್ತಾರೆ. ಮುರಿಯಲಿ. ಅವಳ ದೆಸೆಯಿಂದ ಅನ್ನ ಉಂಡವರು ನಾವು. ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ. ನಾಚಿಕೆಯಾಗುವುದು ಮುಂದಿನದನ್ನು ಹೇಳುವಾಗ.

ಹಗರೆಯಿಂದ ಹಳೇಬೀಡಿನ ಕಡೆಗೆ ಹೋಗುವಾಗ ಸಿಗುವ ನಮ್ಮೂರಿನ ಕೆರೆಯ ಕೆಳಗೆ, ಎಲ್ಲರ ಗದ್ದೆಗಳೂ ಮುಗಿದ ಮೇಲೆ ತಗ್ಗಿನಲ್ಲಿ ನಮ್ಮಪ್ಪ ಜವರಣ್ಣನ ಗದ್ದೆ. ಮುಕ್ಕಾಲು ಎಕರೆ, ಚೌಳು ನೆಲ. ಮೇಲಿನ ಗದ್ದೆಗಳ ನೀರೆಲ್ಲ ಬಸಿದು ಅಲ್ಲಿಗೇ ಬರುತ್ತಿತ್ತು. ಕೊಯ್ಲು ಮುಗಿದು ನೆಲ ಒಣಗಿತೆಂದರೆ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗೆ ಉಪ್ಪು ಏಳುತ್ತಿತ್ತು. ನಮಗೆ ಭತ್ತ ಬೆಳೆಯುವ ಜಾಗ ಅದೊಂದೇ. ಉಳಿದದ್ದು ರಾಗಿ ಹೊಲ.

ಆ ಬಿಳಿ ಮಣ್ಣು ಅಂಕಮ್ಮನಿಗೆ ಬೇಕಿತ್ತು. ಊರಿನ ಬಟ್ಟೆಯನ್ನೆಲ್ಲ ಅದರ ನೀರಿನಲ್ಲಿ ಅದ್ದಿ, ಹಬೆಯಲ್ಲಿ ಬೇಯಿಸಿ ಒಗೆದರೆ ಕೊಳೆ ಬಿಡುತ್ತಿತ್ತು. ಶಿವರಾತ್ರಿ ಕಳೆದ ಮೇಲೆ ದಿನಾ ಬೆಳಗ್ಗೆ ಸೊಂಟ ಬಗ್ಗಿಸಿ, ಮುರುಕು ಕುಡುಗೋಲಿನಿಂದ ಬೆಳ್ಳಗಿರುವ ಪದರವನ್ನಷ್ಟೇ ಹೆರೆದು ಕುಕ್ಕೆಗೆ ತುಂಬುತ್ತಿದ್ದಳು. ಮತ್ತೆ ಬೆಳ್ಳಗಾದರೆ ಮತ್ತೆ ಹೆರೆಯುವಳು. ಮುಂಗಾರು ಬರುವವರೆಗೂ ಇದೇ ಕೆಲಸ. ಗಂಡ ಸತ್ತವಳು, ಮಕ್ಕಳಿಲ್ಲ. ಒಗೆದದ್ದಕ್ಕೆ ಊರವರು ಕಣದಲ್ಲಿ ಕೊಡುವ ಕಾಳಿನಲ್ಲೇ ಅವಳ ಜೀವನ. ಇತ್ತ ಗದ್ದೆಯಲ್ಲಿ ವರ್ಷಕ್ಕೆ ಏಳೆಂಟು ಪಲ್ಲ ಭತ್ತವಾಗುತ್ತಿತ್ತು. ಅದೆಲ್ಲ ತನ್ನ ಬೇಸಾಯದ ಜಾಣ್ಮೆ ಎಂದುಕೊಂಡಿದ್ದ ನಮ್ಮಪ್ಪ, ಪುಣ್ಯಾತ್ಮ.

ಸಾವಿರದ ಒಂಬೈನೂರ ಮೂವತ್ತಮೂರರ ಬೇಸಿಗೆಯಲ್ಲಿ ಅವನ ತಲೆಗೆ ಹುಳ ಹೊಕ್ಕಿತು. ಪಕ್ಕದ ಲಕ್ಕಪ್ಪನ ಗದ್ದೆಗಿಂತ ನಮ್ಮದು ಒಂದು ಗೇಣು ತಗ್ಗಾಗಿದೆ, ಎಲ್ಲರೂ ಕೆರೆಯ ಹೂಳು ಎತ್ತಿ ಗೋಡುಮಣ್ಣು ತಂದು ಗದ್ದೆಗೆ ತುಂಬುತ್ತಿದ್ದರೆ ನಮ್ಮ ಮಣ್ಣು ಮಾತ್ರ ಅಗಸಗಿತ್ತಿಯ ಕುಕ್ಕೆಯಲ್ಲಿ ಹಳ್ಳಕ್ಕೆ ಹೋಗುತ್ತಿದೆ ಎಂದು ಶುರು ಮಾಡಿದ. ತಗ್ಗಾಗಿದ್ದು ನಿಜವೇ. ಆ ಕುಕ್ಕೆಯಲ್ಲಿ ಹೋದದ್ದು ಮಣ್ಣೋ ಉಪ್ಪೋ ಎಂದು ಯೋಚಿಸುವ ವ್ಯವಧಾನ ಅವನಿಗೆಲ್ಲಿತ್ತು? ಸುತ್ತ ಜಾಲಿ ಮುಳ್ಳಿನ ಬೇಲಿ ಬಡಿಸಿ, ಬಿಳುಪಿನ ಮೇಲೇ ಮೂವತ್ತು ಗಾಡಿ ಗೋಡು ಹೊಡೆಸಿದ.

ಅಂಕಮ್ಮ ಮನೆಯ ಮುಂದೆ ಬಂದು ನಿಂತಳು. ತಾನು ಹೆರೆಯದಿದ್ದರೆ ಬಿಳುಪು ಪೈರಿನ ಬೇರಿಗೆ ಇಳಿಯುತ್ತದೆ, ತನ್ನ ಹೊಟ್ಟೆಯ ಮಾತಷ್ಟೇ ಅಲ್ಲ ಇದು ಎಂದು ಮೆಲ್ಲಗೆ ಹೇಳಿದಳು.

"ಬಟ್ಟೆ ಒಗೆಯೋಳು ನಂಗೆ ಬೇಸಾಯ ಕಲಿಸ್ತಾಳಂತೆ," ಎಂದ ಅಪ್ಪ.

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಹನ್ನೆರಡು ವರ್ಷದವಳು, ಅಪ್ಪನ ಮಾತಿಗೆ ನಗಬೇಕು ಎಂದಷ್ಟೇ ನನಗೆ ಗೊತ್ತಿತ್ತು.

ಆ ವರ್ಷ ಹೊಸ ಗೋಡಿನ ಬಲಕ್ಕೆ ಭತ್ತ ಚೆನ್ನಾಗಿಯೇ ಬಂತು. ಅಪ್ಪನನ್ನು ಹಿಡಿಯುವವರೇ ಇಲ್ಲ. ಅಂಕಮ್ಮ ಒಂದು ಹರದಾರಿ ದೂರದ ಬಯಲಿನಿಂದ ಚೌಳು ಹೊತ್ತು ತರತೊಡಗಿದಳು. ಎರಡನೆಯ ವರ್ಷ ಪೈರಿನ ತುದಿ ಸುಟ್ಟಂತಾಗಿ ಅರ್ಧಕ್ಕರ್ಧ ಜೊಳ್ಳು. ಅದರ ಮುಂದಿನ ಬೇಸಿಗೆಯಲ್ಲಿ ಅಂಕಮ್ಮ ತುಂಬಿದ ಕುಕ್ಕೆ ಹೊತ್ತು ಕೆರೆಯ ಏರಿಯಿಂದ ಇಳಿಯುವಾಗ ಬಿದ್ದು ಸೊಂಟ ಮುರಿದುಕೊಂಡಳು. ಕಟ್ಟು ಕಟ್ಟಿಸಿದರು, ಮೂಳೆ ಕೂಡಲಿಲ್ಲ. ಕೇರಿಯವರು ಕೊಟ್ಟ ಗಂಜಿ ಕುಡಿದು ಮಲಗಿದಳು. ಆ ಮಳೆಗಾಲದಲ್ಲಿ ನಾಟಿಯಾದ ಹದಿನೈದೇ ದಿನಕ್ಕೆ ನಮ್ಮ ಪೈರು ಕೆಂಪಾಗಿ ಕೊಳೆಯಿತು. ಅಪ್ಪ ಗೊಬ್ಬರಕ್ಕೆ ಹೊಂಗೆಸೊಪ್ಪು ತುಳಿಸಿ ಮತ್ತೆ ನಾಟಿ ಮಾಡಿಸಿದ. ಅದೂ ಹೋಯಿತು.

ಮುಂದಿನ ಬೇಸಿಗೆಗೆ ಗೋಡಿನ ಮೇಲೂ ಬಿಳುಪು ಎದ್ದಿತ್ತು. ಅಪ್ಪ ಬೇಲಿ ಕಿತ್ತು ತಾನೇ ಗುದ್ದಲಿ ಹಿಡಿದ. ಎಷ್ಟು ಹೆರೆಯಬೇಕೋ ತಿಳಿಯದೆ, ಹೊಡೆಸಿದ್ದ ಒಳ್ಳೆಯ ಮಣ್ಣನ್ನೂ ಎತ್ತಿ ಹಾಕಿದ. ಕೊನೆಗೆ ನನ್ನನ್ನು ಕರೆದುಕೊಂಡು ಅಂಕಮ್ಮನ ಗುಡಿಸಲಿಗೆ ಹೋದ. ಅವಳ ಹೊಸಿಲ ಬಳಿ ಅವನು ಕುಕ್ಕರಗಾಲಿನಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಬೇಲಿ ಕಿತ್ತಿವ್ನಿ ಅಂಕಮ್ಮ. ನೀನೇ ಬಂದು ಹೆರೀಬೇಕು ಕಣವ್ವ."

ಅವಳು ಚಾಪೆಯ ಮೇಲಿಂದ ತಲೆಯನ್ನಷ್ಟೇ ಎತ್ತಿದಳು.

"ಬೇಲಿ ಹಾಕ್ದೋರೂ ನೀವೇ, ಕಿತ್ತೋರೂ ನೀವೇ. ನನ್ನ ಸೊಂಟ ಯಾರು ಎತ್ತಿ ನಿಲ್ಲಿಸ್ತಾರೆ ಗೌಡ್ರೇ?"

ಸಿಟ್ಟಿನಿಂದ ಹೇಳಿದ್ದಲ್ಲ. ಬಾಯಿಗೆ ಬಂದ ಹಾಗೆ ಬೈದಿದ್ದರೆ ಅಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನ ಮೇಲೆ ನನಗೆ ಕನಿಕರ ಬರಲಿಲ್ಲ.

ಆಷಾಢದಲ್ಲಿ ಅಂಕಮ್ಮ ಸತ್ತಳು. ಸತ್ತವರ ಬಾಯಿಗೆ ಊರವರು ನಾಲ್ಕು ಕಾಳು ಅಕ್ಕಿ ಹಾಕುವುದು ನಮ್ಮಲ್ಲಿ ವಾಡಿಕೆ. ಸುದ್ದಿ ಕೇಳಿ ಅವ್ವ ಒಳಗೆ ಹೋದವಳು ಅಕ್ಕಿಯ ಗುಡಾಣದ ತಳ ಬಳಿದು ನೋಡಿದಳು, ಗಡಿಗೆಗಳನ್ನೆಲ್ಲ ಬೋರಲು ಹಾಕಿದಳು. ಒಂದು ಕಾಳೂ ಉದುರಲಿಲ್ಲ. ಅಪ್ಪ ಎದ್ದು ಲಕ್ಕಪ್ಪನ ಮನೆ ಬಾಗಿಲಿಗೆ ಹೋಗಿ, ಅಂಕಮ್ಮನ ಬಾಯಿಗೆ ಹಾಕಲು ಒಂದು ಹಿಡಿ ಅಕ್ಕಿ ಬೇಡಿ ತಂದ.