ಹೊರಗೆ ಬೆಂಚಿನ ಮೇಲೆ ಕೂತಿದ್ದವರು

ಕಳೆದ ತಿಂಗಳು ಮೊಮ್ಮಗಳು ತನ್ನ ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿ, "ಅಜ್ಜಿ, ಈ ಹಾಡು ಕೇಳು" ಅಂದಳು. ಹಾಡಿಗಿಂತ ಮೊದಲು ವಾಸನೆ ಬಂತು. ಕಿವಿಯ ಬಿಸಿಗೆ ಬೆವೆತ ಸ್ಪಂಜು, ಕೂದಲಿನ ಕೊಬ್ಬರಿ ಎಣ್ಣೆ, ಕಾದ ಪ್ಲಾಸ್ಟಿಕ್ಕು. ನಲವತ್ತೈದು ವರ್ಷಗಳ ಹಿಂದೆ ದಿನಕ್ಕೆ ಎಂಟು ಗಂಟೆ ನನ್ನ ತಲೆಯ ಮೇಲೆ ಕೂತಿರುತ್ತಿದ್ದ ವಾಸನೆ ಅದು. ಹಾಡು ಯಾವುದಿತ್ತೋ, ಗಮನಿಸಲಿಲ್ಲ. ಕಣ್ಣ ಮುಂದೆ ಬಂದು ನಿಂತವರು ನಮ್ಮ ಸೂಪರ್‌ವೈಸರ್ ಮೇಡಂ...

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಯಶವಂತಪುರದ ಕಡೆಯ ಒಂದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಆಪರೇಟರ್ ಆಗಿದ್ದೆ. ಉದ್ದನೆಯ ಬೋರ್ಡಿನ ಮುಂದೆ ಎತ್ತರದ ಸ್ಟೂಲುಗಳ ಮೇಲೆ ಹೆಂಗಸರೆಲ್ಲ ಸಾಲಾಗಿ ಕೂತು, ವೈರು ಚುಚ್ಚಿ ಒಂದೂರಿನ ಮಾತನ್ನು ಇನ್ನೊಂದೂರಿಗೆ ಜೋಡಿಸುತ್ತಿದ್ದೆವು. ನಮ್ಮ ಬೆನ್ನ ಹಿಂದೆ ಮೇಡಂ ಓಡಾಡುತ್ತಿದ್ದರು. ಚಪ್ಪಲಿಯ ಸದ್ದೂ ಬರುತ್ತಿರಲಿಲ್ಲ. ನಾವು ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ. ಹೆಗಲ ಮೇಲಿಂದ ಅವರ ಕೈ ಚಾಚಿಕೊಂಡು ಬಂದು, ಮೇಲಿನ ಸಾಲಿನ ರಂಧ್ರಕ್ಕೆ ಸರಿಯಾದ ವೈರನ್ನು ಚುಚ್ಚಿ ಹೋಗುತ್ತಿತ್ತು. ಆ ಕೈ ಕಂಡರೆ ನಮಗೆಲ್ಲ ನಡುಕ. ನಲವತ್ತೈದು ದಾಟಿದ್ದರು. ಮದುವೆಯಾಗಿಲ್ಲ ಎಂದು ಕೆಲವರು, ಗಂಡ ಬಿಟ್ಟವರು ಎಂದು ಕೆಲವರು ಹೇಳುತ್ತಿದ್ದರು. ಕೇಳುವ ಧೈರ್ಯ ಯಾರಿಗಿತ್ತು? ಜಕ್ಕೂರಿನಲ್ಲಿ ತಮ್ಮನ ಮನೆಯಲ್ಲಿ ಇದ್ದಾರೆ, ಯಲಹಂಕದಿಂದ ರೈಲಿನಲ್ಲಿ ಬರುತ್ತಾರೆ ಎನ್ನುವುದಷ್ಟೇ ಗೊತ್ತಿದ್ದದ್ದು.

ನನ್ನ ನಿಜವಾದ ಭಯ ಮಾತ್ರ ಮೇಡಂ ಬಗ್ಗೆ ಅಲ್ಲ, ಬೇರೆಯದೇ ಇತ್ತು. ಬಿ.ಎಸ್ಸಿ. ಮುಗಿಸಿದ ವರ್ಷ ನಾನು ಮೆಡಿಕಲ್ಲಿಗೆ ಅರ್ಜಿ ಹಾಕಿದ್ದೆ. ಅಂಕಗಳು ಸಾಕಷ್ಟಿದ್ದವು, ಇಂಟರ್‌ವ್ಯೂಗೂ ಕರೆದಿದ್ದರು. ಒಳಗೆ ಐದು ಜನ ಕೂತಿದ್ದರು. ಒಬ್ಬರು ಕಪ್ಪೆಯ ಹೃದಯದ ಬಗ್ಗೆ ಕೇಳಿದರು. ನನಗೆ ಬಾಯಿಪಾಠವಿದ್ದ ವಿಷಯ. ಆದರೆ ನಾಲಿಗೆ ಮೇಲಂಗುಳಕ್ಕೆ ಅಂಟಿಕೊಂಡಿತು. ಒಂದು ಅಕ್ಷರ ಹೊರಡಲಿಲ್ಲ. "ಯು ಮೇ ಗೋ" ಅಂದರು. ಎದ್ದು ಬಂದೆ. ಆ ವರ್ಷವೇ ಟೆಲಿಫೋನ್ ಇಲಾಖೆಯ ಕೆಲಸ ಸಿಕ್ಕಿತು. ಐದು ವರ್ಷ ಸಾವಿರಾರು ಜನರ ಜೊತೆ ಮಾತಾಡಿದೆ, ಯಾರ ಮುಖವನ್ನೂ ನೋಡದೆ. ಸತ್ತ ಸುದ್ದಿ, ಹುಟ್ಟಿದ ಸುದ್ದಿ, ಆಪರೇಷನ್ನಿನ ಸುದ್ದಿ ಎಲ್ಲ ನನ್ನ ಕಿವಿಯ ಮೂಲಕವೇ ಹಾದುಹೋಗುತ್ತಿದ್ದವು. "ಡಾಕ್ಟ್ರು ಏನಂದ್ರು?" ಎಂದು ಯಾರಾದರೂ ಆ ಕಡೆಯವರನ್ನು ಕೇಳಿದರೆ, ನಿಯಮದ ಪ್ರಕಾರ ನಾನು ಕೇಳಿಸಿಕೊಳ್ಳುವ ಸ್ವಿಚ್ಚು ಮುಚ್ಚಿ ಲೈನಿನಿಂದ ಹೊರಗೆ ಬರಬೇಕಿತ್ತು. ಎಷ್ಟೋ ಸಲ ಬರದೆ ಕೇಳುತ್ತಾ ಕೂತಿದ್ದೇನೆ.

ನನಗೆ ಇಪ್ಪತ್ತಾರು ತುಂಬಿದಾಗ, ಅರ್ಜಿ ಹಾಕುವ ವಯಸ್ಸು ಮೀರಲು ಆ ಒಂದು ವರ್ಷ ಮಾತ್ರ ಉಳಿದಿತ್ತು. ಯಾರಿಗೂ ಹೇಳದೆ ಫಾರಂ ತಂದು, ಹಳೆಯ ಪ್ರಾಣಿಶಾಸ್ತ್ರದ ಪುಸ್ತಕದಲ್ಲಿ ಇಟ್ಟುಕೊಂಡೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹೆಂಗಸರ ವಿಶ್ರಾಂತಿ ಕೋಣೆಯ ಮೂಲೆಯಲ್ಲಿ ಕೂತು ಓದುತ್ತಿದ್ದೆ. ಒಂದು ದಿನ ತಲೆ ಎತ್ತಿದರೆ ಮೇಡಂ ನಿಂತಿದ್ದರು. ಪುಸ್ತಕದಿಂದ ಫಾರಂನ ಅಂಚು ಇಣುಕುತ್ತಿತ್ತು.

"ಮೆಡಿಕಲ್ಲಾ?" ಅಂದರು.

ನಾನು ಎದ್ದು ನಿಂತೆ. ಇಲಾಖೆಯಲ್ಲಿದ್ದವರು ಆಫೀಸಿನ ಮೂಲಕವೇ ಅರ್ಜಿ ಕಳಿಸಬೇಕು. ಕದ್ದು ಹಾಕಿದರೆ ನೋಟಿಸು ಬರುತ್ತದೆ ಎಂದು ಕೇಳಿದ್ದೆ. ಅವರು ಹಾಗೇ ತಿರುಗಿ ಹೋದರು.

ಮೂರನೆಯ ದಿನ ಮಧ್ಯಾಹ್ನ ಅವರೇ ನನ್ನನ್ನು ಆ ಕೋಣೆಗೆ ಕರೆದರು. ಚಿಲಕ ಹಾಕಿದರು. ನನಗೆ ಬೆನ್ನು ತೋರಿಸಿ ನಿಂತು ರವಿಕೆಯ ಗುಂಡಿ ಬಿಚ್ಚುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಡಾಕ್ಟರ್ ಆಗೋಳಲ್ವಾ ನೀನು? ಇಲ್ಲಿ ಮುಟ್ಟಿ ನೋಡಮ್ಮ."

"ಮೇಡಂ, ನನಗೇನೂ ಗೊತ್ತಿಲ್ಲ. ನಾನಿನ್ನೂ ಅರ್ಜೀನೇ ಹಾಕಿಲ್ಲ."

"ಗೊತ್ತಿರೋರ ಹತ್ರ ಹೋಗಕ್ಕೆ ಭಯ ಕಣೇ. ಅದಕ್ಕೇ ನಿನ್ನ ಕೇಳ್ತಿರೋದು."

ಎಡಗಡೆಯ ಮೊಲೆಯಲ್ಲಿ, ಕಂಕುಳಿನ ಕಡೆಗೆ, ಅಡಕೆಯಷ್ಟು ದಪ್ಪದ ಗಂಟು ನನ್ನ ಬೆರಳಿಗೆ ಸಿಕ್ಕಿತು. ಒತ್ತಿದರೆ ಜರುಗಲಿಲ್ಲ. ನೋವಿಲ್ಲ ಅಂದರು. ನೋವಿಲ್ಲದಿರುವುದು ಒಳ್ಳೆಯ ಲಕ್ಷಣವಲ್ಲ ಎಂದು ಎಲ್ಲೋ ಓದಿದ್ದೆ. ಆಸ್ಪತ್ರೆಗೆ ತೋರಿಸಲೇಬೇಕು, ನಾಳೆಯೇ ಹೋಗಿ ಎಂದೆ. ಅವರು ಗುಂಡಿ ಹಾಕಿಕೊಳ್ಳುತ್ತಾ, ತಮ್ಮ ತಾಯಿ ಇಂಥದೇ ಗಂಟು ತೋರಿಸಲು ನಡೆದುಕೊಂಡು ಆಸ್ಪತ್ರೆಗೆ ಹೋದವರು ಮನೆಗೆ ಬಂದದ್ದು ಗಾಡಿಯಲ್ಲಿ ಮಲಗಿ ಎಂದು ಹೇಳಿದರು. ಆಮೇಲೆ ಸೂಪರ್‌ವೈಸರಿನ ದನಿಯಲ್ಲಿ, "ನೀನು ಫಾರಂ ಕೊಡು. ನಾನು ಹೋಗಿ ತೋರಿಸ್ಕೊಳ್ತೀನಿ" ಅಂದರು.

ಕೊಡಬಹುದಿತ್ತು. ಆ ಸಂಜೆಯೇ ತುಂಬಿ ಕೊಡಬಹುದಿತ್ತು.

ಹದಿನೆಂಟು ದಿನ ಆ ಫಾರಂ ನನ್ನ ಚೀಲದಲ್ಲೇ ಇತ್ತು. ಬಸ್ಸಿನಲ್ಲಿ ಕೂತಾಗ ಆ ಐದು ಮುಖಗಳು ಕಾಣುತ್ತಿದ್ದವು, ನಾಲಿಗೆ ಒಣಗುತ್ತಿತ್ತು. ಮೇಡಂ ದಿನವೂ ನನ್ನ ಸ್ಟೂಲಿನ ಹಿಂದೆ ಒಂದು ಕ್ಷಣ ನಿಲ್ಲುತ್ತಿದ್ದರು. ನಾನು ಇಲ್ಲವೆಂದು ತಲೆ ಆಡಿಸುತ್ತಿದ್ದೆ. ಅವರು ಮುಂದೆ ಹೋಗುತ್ತಿದ್ದರು. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ ಹೇಳಬೇಕು. ಆ ತಲೆಯಾಡಿಸುವಿಕೆಯಲ್ಲಿ ನಮ್ಮಿಬ್ಬರಿಗೂ ಒಂದು ನೆಮ್ಮದಿ ಇತ್ತು. ನಾನು ಹೋಗದಿದ್ದರೆ ಅವರು ಹೋಗಬೇಕಿಲ್ಲ. ಅವರು ಹೋಗದಿದ್ದರೆ ನಾನೂ...

ಹತ್ತೊಂಬತ್ತನೆಯ ದಿನ ನನ್ನ ಪಕ್ಕದವಳು ತಪ್ಪು ಲೈನು ಹಿಡಿದಳು. ಎಂದಿನಂತೆ ಮೇಡಂ ಅವರ ಎಡಗೈ ಅವಳ ಹೆಗಲ ಮೇಲಿಂದ ಬಂತು. ಮೇಲಿನ ಸಾಲಿಗೆ ಹೋಗುತ್ತಿದ್ದ ಕೈ ಅರ್ಧಕ್ಕೆ ನಿಂತಿತು. ಇನ್ನೂ ಎತ್ತಲು ನೋಡಿದರು, ಆಗಲಿಲ್ಲ. ವೈರನ್ನು ಬಲಗೈಗೆ ಬದಲಾಯಿಸಿಕೊಂಡು ಚುಚ್ಚಿ, ಏನೂ ಆಗದವರಂತೆ ಮುಂದೆ ನಡೆದರು. ಬೇರೆ ಯಾರೂ ಗಮನಿಸಲಿಲ್ಲ. ನಾನು ಹೆಡ್‌ಸೆಟ್ ತೆಗೆದಿಟ್ಟು, ಎದ್ದು ಹೋಗಿ, ಫಾರಂ ತುಂಬಿ ಅವರ ಮೇಜಿನ ಮೇಲೆ ಇಟ್ಟೆ.

ಅವರು ಓದಿ, ಶಿಫಾರಸು ಬರೆದು, ಮೇಲಧಿಕಾರಿಯ ಸಹಿಗೆ ತಾವೇ ಒಯ್ದರು. ವಾಪಸು ಬಂದಾಗ ನಾನು ಅಂದೆ, "ನಿಮ್ಮ ಸರದಿ, ಮೇಡಂ."

"ಇಂಟರ್‌ವ್ಯೂ ಕಾರ್ಡ್ ಬರ್ಲಿ. ಆಮೇಲೆ ನೋಡೋಣ."

ಕಾರ್ಡು ಮನೆಗೆ ಬಂದ ದಿನ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೂತಳು. ನಾವು ಗದಗಿನ ಕಡೆಯಿಂದ ಅಪ್ಪನ ಕಾರ್ಖಾನೆ ಕೆಲಸಕ್ಕಾಗಿ ಬಂದವರು. ಸರ್ಕಾರಿ ನೌಕರಿ ಎಂದರೆ ನಮ್ಮ ಮನೆಯಲ್ಲಿ ದೇವರ ಪಟದ ಪಕ್ಕದ ಮಾತು. "ಹುಚ್ಚು ಹಿಡದೈತೇನು ನಿನಗ? ಕೈಯಾಗಿನ ನೌಕರಿ ಬಿಟ್ಟು, ಮೂವತ್ತಕ್ಕ ಹೊರಗ ಬಂದು, ಯಾರು ಮದುವಿ ಆಗ್ತಾರ ನಿನ್ನ?" ಅಂದಳು. ಅವಳು ಹೇಳಿದ್ದನ್ನೆಲ್ಲ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೆ.

ಇಂಟರ್‌ವ್ಯೂ ದಿನ ಮೇಡಂ ರಜೆ ಹಾಕಿ ನನ್ನ ಜೊತೆ ಬಂದರು. ಆಸ್ಪತ್ರೆಗೆ ಮಾತ್ರ ಅವರಿನ್ನೂ ಹೋಗಿರಲಿಲ್ಲ. ವರಾಂಡದ ಕೊನೆಯಲ್ಲಿ ಒಂದು ಮರದ ಬೆಂಚಿತ್ತು. "ಮುಖ ನೋಡ್ಬೇಡ. ಲೈನಲ್ಲಿ ಯಾರೋ ಇದ್ದಾರೆ ಅಂದ್ಕೊಂಡು ಮಾತಾಡು" ಎಂದು ಹೇಳಿ ಅಲ್ಲಿ ಕೂತರು.

ಒಳಗೆ ಮತ್ತೆ ಐದು ಜನ. ಬೇರೆ ಐದು ಜನ. ನನ್ನ ಕಣ್ಣಿಗೆ ಅವರೇ. ಮೊದಲಿನ ಎರಡು ಪ್ರಶ್ನೆಗೆ ಹೇಗೋ ಉತ್ತರಿಸಿದೆ. ಮಧ್ಯದಲ್ಲಿ ಕೂತಿದ್ದವರು ನನ್ನ ಕಾಗದಗಳನ್ನು ತಿರುವಿ, ಒಳ್ಳೆಯ ಕೆಲಸದಲ್ಲಿ ಇರುವವಳು, ಈ ವಯಸ್ಸಿನಲ್ಲಿ ಯಾಕೆ ಬಂದೆ, ನಾಳೆ ಮದುವೆಯಾಗಿ ಬಿಟ್ಟು ಹೋದರೆ ಒಂದು ಸೀಟು ದಂಡವಲ್ಲವೇ ಎಂದು ಕೇಳಿದರು. ಇಂಗ್ಲಿಷಿನಲ್ಲಿ ನಾನು ಕಲಿತುಕೊಂಡು ಹೋಗಿದ್ದ ಉತ್ತರ ಮಾಯವಾಯಿತು. ಅದೇ ಹಳೆಯ ಒಣಗಿದ ನಾಲಿಗೆ. ಇನ್ನೊಂದು ಕ್ಷಣ ಬಿಟ್ಟಿದ್ದರೆ "ಯು ಮೇ ಗೋ" ಎನ್ನುತ್ತಿದ್ದರು. ಹೆದರಿಕೆಯಲ್ಲಿ ಬಾಯಿಗೆ ಏನು ಬಂತೋ ಅದನ್ನು ಕನ್ನಡದಲ್ಲಿ ಹೇಳಿಬಿಟ್ಟೆ.

"ಸರ್, ಒಬ್ಬರ ಎದೆಯಲ್ಲಿ ಒಂದು ಗಂಟಿದೆ. ನಾನು ಮುಟ್ಟಿ ನೋಡಿದೆ. ಅದು ಜರುಗಲ್ಲ. ಕೈ ಎತ್ತಕ್ಕಾಗ್ತಿಲ್ಲ ಅವರಿಗೆ. ಡಾಕ್ಟ್ರ ಹತ್ರ ಹೋಗಕ್ಕೆ ಭಯ ಅಂತ ನನ್ನ ಹತ್ರ ಬಂದ್ರು. ನನಗೇನೂ ಗೊತ್ತಿರ್ಲಿಲ್ಲ. ಅದಕ್ಕೆ ಬಂದೆ."

ಕೊನೆಯಲ್ಲಿ ಕೂತಿದ್ದ, ಅಲ್ಲಿಯವರೆಗೆ ಒಂದೂ ಪ್ರಶ್ನೆ ಕೇಳದಿದ್ದ ಹೆಂಗಸೊಬ್ಬರು ಕನ್ನಡಕ ತೆಗೆದರು. "ಈಗೆಲ್ಲಿದ್ದಾರೆ ಆಕೆ?"

"ಹೊರಗೆ. ಬೆಂಚಿನ ಮೇಲೆ ಕೂತಿದ್ದಾರೆ."

ಆ ಡಾಕ್ಟರಮ್ಮ ಎದ್ದರು. ಉಳಿದವರು ನೋಡುತ್ತಿದ್ದ ಹಾಗೆಯೇ ಬಾಗಿಲು ತೆರೆದುಕೊಂಡು ಹೊರಗೆ ಹೋದರು. ನಾನು ಒಳಗೇ ನಿಂತಿದ್ದೆ. ಬಾಗಿಲ ಸಂದಿಯಿಂದ ಕಂಡದ್ದಿಷ್ಟು: ಅವರು ಮೇಡಂ ಪಕ್ಕದಲ್ಲಿ ಕೂತು ಏನೋ ಕೇಳಿದರು, ಮೇಡಂ ಸೆರಗನ್ನು ಎದೆಗೆ ಬಿಗಿಯಾಗಿ ಎಳೆದುಕೊಂಡು ನೆಲ ನೋಡಿದರು, ಡಾಕ್ಟರಮ್ಮ ಒಂದು ಚೀಟಿ ಬರೆದು ಅವರ ಕೈಗಿಟ್ಟು, ಕೈಯನ್ನು ಬಿಡದೆ ಹಿಡಿದುಕೊಂಡರು.

ನಾನು ಹೊರಗೆ ಬಂದಾಗ ಮೇಡಂ ಗೇಟಿನ ಹತ್ತಿರ ಇದ್ದರು. ಓಡಿ ಹೋದೆ. ಅವರು ತಿರುಗಿ ನೋಡಿದ ರೀತಿಗೆ ನನ್ನ ಕಾಲು ಅಲ್ಲೇ ನಿಂತವು.

"ನನ್ನ ಮೈ ವಿಷಯ ಐದು ಜನರ ಮುಂದೆ ಹೇಳಿದ್ಯಾ?"

"ಮೇಡಂ, ಭಯದಲ್ಲಿ..."

"ಅದನ್ನ ಹೇಳಿ ಸೀಟು ಕೇಳಿದ್ಯಾ ನೀನು?"

ಬಸ್ಸು ಬಂತು. ಅವರು ಹತ್ತಿದರು. ನಾನು ಹತ್ತಲಿಲ್ಲ.

ಸೀಟು ಸಿಕ್ಕಿತು. ಪಟ್ಟಿಯಲ್ಲಿ ನನ್ನ ಹೆಸರು ಕಂಡಾಗ ಸಂತೋಷಕ್ಕಿಂತ ಮೊದಲು ಆ ಮಾತು ಕೇಳಿಸಿತು. ಮೇಡಂ ಚೀಟಿ ಹಿಡಿದು ಆಸ್ಪತ್ರೆಗೆ ಹೋದರು, ಆಪರೇಷನ್ ಆಯಿತು ಎಂದು ಸಹೋದ್ಯೋಗಿಗಳಿಂದ ತಿಳಿಯಿತು. ರಾಜೀನಾಮೆ ಕೊಡಲು ಹೋದ ದಿನ ಅವರ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರು.

ಕಾಲೇಜು ಶುರುವಾಗಿ ಒಂದು ತಿಂಗಳಾದ ಮೇಲೆ ಧೈರ್ಯ ಮಾಡಿ ಜಕ್ಕೂರಿಗೆ ಹೋದೆ. ಹೆಂಚಿನ ಮನೆ, ಮುಂದೆ ರಾಗಿ ಒಣಗಹಾಕಿದ್ದರು. ಬಾಗಿಲು ತೆಗೆದವರು ತಮ್ಮನ ಹೆಂಡತಿ. "ಬಾರವ್ವ. ಅತ್ಗೆಮ್ಮ ಇಂಗೇ ಕುಂತವ್ರೆ ದಿನಾ. ಉಣ್ಣಾಕಿಲ್ಲ, ಏನೂ ಮಾತಾಡಾಕಿಲ್ಲ" ಅಂದರು. ಮೇಡಂ ಹಿತ್ತಿಲ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಎಡಗೈ ಊದಿತ್ತು. ಕೂದಲು ಬೆಳ್ಳಗಾಗಿ, ಮೈ ಕುಗ್ಗಿದವರಾಗಿ ಕಂಡರು. ಪಕ್ಕದ ವಿಮಾನ ಮೈದಾನದ ತರಬೇತಿ ವಿಮಾನವೊಂದು ತಗ್ಗಿನಲ್ಲೇ ಹಾದು ಇಳಿಯಿತು.

"ಹೆಣ ಕುಯ್ಯಿಸ್ತಾರಾ?" ಅಂದರು.

"ಹೂಂ ಮೇಡಂ. ಮೊದಲ ದಿನ ವಾಂತಿ ಮಾಡ್ಕೊಂಡೆ. ಇವತ್ತಿಗೂ ಬಾಗಿಲ ಹತ್ರ ಹೋದ್ರೆ ಕೈ ನಡುಗತ್ತೆ."

ಅವರು ನಕ್ಕರು. ಐದು ವರ್ಷದಲ್ಲಿ ನಾನು ನೋಡಿದ ಮೊದಲ ನಗು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಬಲಗೈ ಎತ್ತಿ ತಡೆದರು.

"ಕೋಪ ಇದೆ ಕಣೇ. ಇರತ್ತೆ ಅದು. ಆದ್ರೂ ನೀನು ಬಾ. ಬರೋದು ಬಿಡ್ಬೇಡ."

ಬರುತ್ತೇನೆ ಎಂದೆ. ಮುಂದಿನ ಭಾನುವಾರವೇ ಬರುತ್ತೇನೆ ಎಂದೆ.

ಹೋಗಲಿಲ್ಲ. ಓದುವುದು ಬಹಳ ಇದೆ ಎಂದು ಹೇಳಿಕೊಂಡೆ. ಓದುವುದು ಇದ್ದದ್ದು ನಿಜ. ಆದರೆ ಓದಿದಂತೆಲ್ಲ ಆ ಊದಿದ ಕೈಯ ಅರ್ಥ ತಿಳಿಯತೊಡಗಿತ್ತು. ಕೈ ಎತ್ತಲಾಗದೇ ಹೋದದ್ದರ ಅರ್ಥವೂ. ಅವರ ಎದುರು ಕೂತರೆ ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿಬಿಡುತ್ತದೆ ಎಂದು ಹೆದರಿದೆ. ಒಂದು ಭಾನುವಾರ ಜಕ್ಕೂರಿನ ದಾರಿಯಲ್ಲಿ ಹೆಬ್ಬಾಳದವರೆಗೆ ಹೋಗಿ, ಕೆರೆ ಏರಿಯ ಹತ್ತಿರ ಬಸ್ಸಿಳಿದು, ಎದುರು ಬಸ್ಸು ಹತ್ತಿ ವಾಪಸು ಬಂದೆ. ಮೊದಲ ವರ್ಷದ ಪರೀಕ್ಷೆಗೆ ಇನ್ನೂ ಎರಡು ವಾರ ಇರುವಾಗ, ಎಕ್ಸ್‌ಚೇಂಜಿನ ಗೆಳತಿಯೊಬ್ಬಳು ಹಾಸ್ಟೆಲಿಗೆ ಫೋನು ಮಾಡಿ ಹೇಳಿದಳು. ಮೇಡಂ ತೀರಿಕೊಂಡು ಮೂರು ದಿನ ಆಗಿಹೋಗಿತ್ತು.

ಆ ಹದಿನೆಂಟು ದಿನ ತಡಮಾಡದಿದ್ದರೆ ಏನಾದರೂ ಬದಲಾಗುತ್ತಿತ್ತೇ? ಬಹುಶಃ ಇಲ್ಲ. ಗಂಟು ಆಗಲೇ ಕಂಕುಳಿಗೆ ಹಬ್ಬಿತ್ತು ಎಂದು ಈಗ ನನಗೆ ಗೊತ್ತು. ಡಾಕ್ಟರಾಗಿ ಕೇಳಿದರೆ ಹಾಗೇ ಹೇಳುತ್ತೇನೆ. ನಿದ್ದೆ ಬಾರದಾಗ ಕೇಳಿಕೊಂಡರೆ ಉತ್ತರ ಬೇರೆ.

ಈಗ ನನಗೆ ಎಪ್ಪತ್ತು ದಾಟಿದೆ. ಸರ್ಕಾರಿ ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾಗಿ, ಆರ್.ಟಿ. ನಗರದ ಒಂದು ಕ್ಲಿನಿಕ್ಕಿನಲ್ಲಿ ವಾರಕ್ಕೆ ಮೂರು ದಿನ ಕೂರುತ್ತೇನೆ. ಇಷ್ಟು ವರ್ಷ ಕಿರಿಯ ಡಾಕ್ಟರುಗಳಿಗೆ ನನ್ನ ಇಂಟರ್‌ವ್ಯೂ ಕಥೆ ಹೇಳಿದ್ದೇನೆ. ಡಾಕ್ಟರಮ್ಮ ಎದ್ದು ಹೊರಗೆ ಹೋದ ಜಾಗಕ್ಕೆ ಬಂದಾಗ ಅವರ ಕಣ್ಣು ತುಂಬುತ್ತವೆ. ಎಲ್ಲರೂ ಅದನ್ನು ಧೈರ್ಯದ ಕಥೆ ಎನ್ನುತ್ತಾರೆ. ನಾನು ಯಾವಾಗಲೂ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಗೇಟಿನ ಹತ್ತಿರದ ಮಾತನ್ನಾಗಲಿ, ಜಕ್ಕೂರಿನ ಜಗಲಿಯನ್ನಾಗಲಿ ಯಾರಿಗೂ ಹೇಳಿದ್ದಿಲ್ಲ. ಅವರದೊಂದು ಫೋಟೋ ಕೂಡ ನನ್ನಲ್ಲಿಲ್ಲ. ಎಲ್ಲಿ ಮಣ್ಣು ಮಾಡಿದರೆಂದು ಕೇಳಿಲ್ಲ. ಕೋಪ ಇಟ್ಟುಕೊಂಡೇ ಅವರು ನನ್ನನ್ನು ಬಾ ಅಂದಿದ್ದರು, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ನಾನು ಹೋಗಲಿಲ್ಲ.